ಈಸ್ಟರ್ ರಜೆಯಲ್ಲಿ ಪುಟ್ಟ ಮಗುವಿನೊಡನೆ ಮಲೆನಾಡಿನಲ್ಲಿ ಒಂದು ದಿನ: ಮರಳುವ ಹೊತ್ತಿನಿಂದ ಆರಂಭವಾಗುವ ಸಮಗ್ರ ಮಾರ್ಗದರ್ಶಿ

ಗುಡ್ ಫ್ರೈಡೆಯಿಂದ ಈಸ್ಟರ್ ಭಾನುವಾರದವರೆಗೆ ಮೂರು ದಿನ ರಜೆ ಕೂಡಿ ಬಂದಾಗಲೆಲ್ಲ ಶಿವಮೊಗ್ಗದ ಎಷ್ಟೋ ಮನೆಗಳಲ್ಲಿ ಒಂದೇ ಕಥೆ ಮರುಕಳಿಸುತ್ತದೆ. ನಿಧಾನವಾಗಿ ತಿಂಡಿ ಮುಗಿಸಿ 10 ಗಂಟೆಗೆ ಹೊರಡುತ್ತಾರೆ. ಸಕ್ರೆಬೈಲು ಆನೆ ಬಿಡಾರ ತಲುಪಿ ಗಾಡಿ ನಿಲ್ಲಿಸಿ ಒಳಗೆ ಹೋಗುವಷ್ಟರಲ್ಲಿ ಆನೆಗಳ ಸ್ನಾನ ಮುಗಿದಿರುತ್ತದೆ. ‘ಹೇಗೂ ಇಷ್ಟು ದೂರ ಬಂದಾಯಿತಲ್ಲ’ ಎಂದು ಉರಿಬಿಸಿಲಿನಲ್ಲಿ ತೀರ್ಥಹಳ್ಳಿಯ ಕಡೆಗೆ ಮುಂದುವರಿಯುತ್ತಾರೆ. ಮಂಡಗದ್ದೆ ಬರುವ ಮೊದಲೇ ಮಗು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುತ್ತದೆ. ನಾವೂ ಮೊದಲ ಸಲ ಹೀಗೆಯೇ 11.45ಕ್ಕೆ ಬಿಡಾರ ತಲುಪಿದ್ದೆವು. ಮೂರು ವರ್ಷದ ಮಗನಿಗೆ ಅಂದು ಕಾಣಿಸಿದ್ದು ತನ್ನ ತಲೆಗಿಂತ ದೊಡ್ಡದಾದ ಆನೆಲದ್ದಿ ಒಂದೇ. ಅದೃಷ್ಟಕ್ಕೆ ಅವನು ಅದರಲ್ಲೇ ಸಂತೋಷಪಟ್ಟನು.

ತಪ್ಪು ಜಾಗದಲ್ಲಿಲ್ಲ, ಯೋಜನೆಯ ಕ್ರಮದಲ್ಲಿದೆ. ದೊಡ್ಡವರು ಮೊದಲು ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಹೊರಡುವ ಹೊತ್ತು ಗೊತ್ತುಮಾಡುತ್ತಾರೆ, ಮಗುವಿನ ನಿದ್ದೆ ಮತ್ತು ಹಸಿವನ್ನು ದಾರಿಯಲ್ಲಿ ನೋಡಿಕೊಂಡರಾಯಿತು ಎಂದು ಬಿಡುತ್ತಾರೆ. ಒಂದೂವರೆಯಿಂದ ಐದು ವರ್ಷದೊಳಗಿನ ಮಗುವಿದ್ದರೆ ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಅನುಸರಿಸುವುದು ಒಳ್ಳೆಯದು.

ಹಂತ 1: ದಿನವನ್ನು ಆರಿಸುವುದು

ಈಸ್ಟರ್ ಪ್ರತಿವರ್ಷ ಒಂದೇ ದಿನಾಂಕಕ್ಕೆ ಬರುವುದಿಲ್ಲ. ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. 2024ರಲ್ಲಿ ಮಾರ್ಚ್ 31ಕ್ಕೆ ಬಂದದ್ದು 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿತು. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ನಮ್ಮ ಕಡೆ ಈ ವ್ಯತ್ಯಾಸ ಬಹಳ ಮುಖ್ಯ. ಮಾರ್ಚ್ ಕೊನೆಯ ಈಸ್ಟರ್ ಎಂದರೆ ಕಾಡು ಪೂರ್ತಿ ಒಣಗಿ ನೆಲದ ತುಂಬ ತರಗೆಲೆ ಬಿದ್ದಿರುವ ಕಾಲ, ಮನೆಯ ದೊಡ್ಡ ಮಕ್ಕಳಿಗೆ ಪರೀಕ್ಷೆಯ ಕಾಲ. ಏಪ್ರಿಲ್ ಮೂರನೇ ವಾರದ ಈಸ್ಟರ್ ಎಂದರೆ ಅಶ್ವಿನಿ ಮಳೆಯ ದಿನಗಳು: ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನ 3ರ ಮೇಲೆ ಗುಡುಗು ಸಿಡಿಲು. ಎರಡಕ್ಕೂ ಬೇರೆ ಬೇರೆ ಎಚ್ಚರ ಬೇಕು; ಅದನ್ನು ಮುಂದೆ ನೋಡೋಣ.

ಮೂರು ದಿನಗಳಲ್ಲಿ ನಮ್ಮ ಮನೆಯ ಆಯ್ಕೆ ಶನಿವಾರದ ಬೆಳಿಗ್ಗೆ. ಶುಕ್ರವಾರ ಬೆಂಗಳೂರು ಕಡೆಯ ಗಾಡಿಗಳೆಲ್ಲ ಜೋಗ, ಸಿಗಂದೂರು, ಆಗುಂಬೆಯ ದಾರಿ ಹಿಡಿದಿರುತ್ತವೆ, ಭಾನುವಾರ ಸಂಜೆ ಅವೇ ಮರಳುತ್ತವೆ. ಕ್ರೈಸ್ತ ಕುಟುಂಬಗಳಿಗೆ ಶುಕ್ರವಾರ ಉಪವಾಸ ಮತ್ತು ಮಧ್ಯಾಹ್ನದ ಆರಾಧನೆಯ ದಿನ; ಶನಿವಾರ ರಾತ್ರಿಯ ಜಾಗರಣೆಗೆ ಚರ್ಚಿಗೆ ಹೋದ ಮಗು ತಡವಾಗಿ ಮಲಗುವುದರಿಂದ ಭಾನುವಾರ ಬೆಳಿಗ್ಗೆ ಎಬ್ಬಿಸಿ ಹೊರಡಿಸುವುದು ಯಾರಿಗೂ ಸುಖವಲ್ಲ. ಅಂಥವರು ಶನಿವಾರ ಬೆಳಿಗ್ಗೆ ಹತ್ತಿರದಲ್ಲೇ ಹೋಗಿ ಬಂದು, ಮಧ್ಯಾಹ್ನ ಮಗುವನ್ನು ಚೆನ್ನಾಗಿ ಮಲಗಿಸಿದರೆ ರಾತ್ರಿಯ ಆರಾಧನೆಯಲ್ಲಿ ಅದು ರಂಪ ಮಾಡುವುದೂ ಕಡಿಮೆ. ರಜೆ ಹೆಚ್ಚಿದ್ದು ಮಂಗಳವಾರಕ್ಕೆ ಇಟ್ಟುಕೊಳ್ಳುವವರು ಒಂದನ್ನು ನೆನಪಿಡಬೇಕು: ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮಕ್ಕೆ ಮಂಗಳವಾರ ವಾರದ ರಜೆ.

ಹಂತ 2: ಮರಳುವ ಹೊತ್ತನ್ನು ಮೊದಲು ಬರೆಯುವುದು

ಒಂದು ಕಾಗದದಲ್ಲಿ ಮಗು ದಿನವೂ ಮಧ್ಯಾಹ್ನ ಮಲಗುವ ಹೊತ್ತನ್ನು ಬರೆಯಿರಿ. ಅದು 1 ಗಂಟೆ ಎಂದಿಟ್ಟುಕೊಳ್ಳೋಣ. ಹಾಗಾದರೆ 12.30ಕ್ಕೆ ಮನೆಯೊಳಗಿರಬೇಕು, ದಾರಿ ಅರ್ಧ ಗಂಟೆಯದಾದರೆ 12ಕ್ಕೆ ಅಲ್ಲಿಂದ ಹೊರಡಬೇಕು, ಮಗುವನ್ನು ಒಪ್ಪಿಸಿ, ಕೈಕಾಲು ತೊಳೆಸಿ, ಚಪ್ಪಲಿ ಹುಡುಕಿ ಗಾಡಿ ಹತ್ತಿಸಲು 20 ನಿಮಿಷ ಬೇಕೇ ಬೇಕು, ಆದ್ದರಿಂದ 11.40ಕ್ಕೆ ಆಟ ಮುಗಿಯಬೇಕು. ಇಷ್ಟು ಚಿಕ್ಕ ಮಕ್ಕಳಿಗೆ ಒಂದೇ ಜಾಗದಲ್ಲಿ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ ಉತ್ಸಾಹ ಉಳಿಯುತ್ತದೆ. ಹಿಂದಕ್ಕೆ ಎಣಿಸಿದರೆ 9ಕ್ಕೆ ಅಲ್ಲಿರಬೇಕು, 8.30ಕ್ಕೆ ಮನೆ ಬಿಡಬೇಕು. ಲೆಕ್ಕ ಇಷ್ಟೇ, ಆದರೆ ಇದನ್ನು ಕಾಗದದ ಮೇಲೆ ಮಾಡದವರು ಪ್ರತಿಸಲವೂ ಒಂದೂವರೆ ಗಂಟೆ ತಪ್ಪುತ್ತಾರೆ.

‘ನಿದ್ದೆ ಕಾರಿನಲ್ಲೇ ಆಗಿಬಿಡುತ್ತದೆ’ ಎನ್ನುವುದು ಸಾಮಾನ್ಯ ತಪ್ಪು. ಆಗುತ್ತದೆ, ಆದರೆ 20 ನಿಮಿಷ. ಮನೆಗೆ ಬಂದು ಎತ್ತಿಕೊಂಡ ಕೂಡಲೇ ಎಚ್ಚರವಾಗಿ, ಸಂಜೆಯವರೆಗೂ ಮಗು ಅಳುವುದೂ ಇಲ್ಲ, ಆಡುವುದೂ ಇಲ್ಲ, ಸುಮ್ಮನೆ ಕಿರಿಕಿರಿ ಮಾಡುತ್ತದೆ. ಬಿಸಿಲಿನ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ 36-37 ಡಿಗ್ರಿ ಸಾಮಾನ್ಯ. 12ರಿಂದ 4ರವರೆಗೆ ಬಯಲಿನಲ್ಲಿ ಮಗುವಿಗೆ ಕೆಲಸವಿಲ್ಲ.

ಹಂತ 3: ಒಂದು ದಿನಕ್ಕೆ ಒಂದೇ ಜಾಗ

ಈಗ ಜಾಗ. ಮನೆಯಿಂದ 45 ನಿಮಿಷದೊಳಗೆ ತಲುಪುವಂಥದ್ದು, ಒಂದೇ ಒಂದು. ಎರಡನೆಯ ಜಾಗವನ್ನು ‘ಹೊತ್ತಿದ್ದರೆ’ ಎಂದು ಕೂಡ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಮೊದಲನೆಯ ಜಾಗದಲ್ಲೇ ಮಗುವನ್ನು ‘ಬಾ ಬಾ’ ಎಂದು ಎಳೆಯಲು ಶುರು ಮಾಡುತ್ತೇವೆ.

ಸಕ್ರೆಬೈಲು ಆನೆ ಬಿಡಾರ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿದೆ. ಇದು ಬೆಳಗಿನ ಜಾಗ ಮಾತ್ರ. ಮಾವುತರು ಆನೆಗಳನ್ನು ತುಂಗೆಯಲ್ಲಿ ಮಲಗಿಸಿ ಉಜ್ಜಿ ತೊಳೆದು, ಮೇವು ಕೊಟ್ಟು, ಮಧ್ಯಾಹ್ನಕ್ಕೆ ಮುನ್ನವೇ ಮತ್ತೆ ಕಾಡಿಗೆ ಬಿಡುತ್ತಾರೆ. 9 ಗಂಟೆಗೆ ಅಲ್ಲಿದ್ದರೆ ಎಲ್ಲವೂ ಸಿಗುತ್ತದೆ, 11.30ಕ್ಕೆ ಹೋದರೆ ನಮಗೆ ಸಿಕ್ಕಿದ್ದೇ ಸಿಗುತ್ತದೆ. ಮೊದಲ ಸಲ ನೋಡುವ ಮಗುವನ್ನು ನೇರವಾಗಿ ಆನೆಯ ಮುಂದೆ ನಿಲ್ಲಿಸಬೇಡಿ. ಚಿತ್ರದಲ್ಲಿ ಕಂಡ ಆನೆಗೂ ಎದುರಿಗೆ ಉಸಿರು ಬಿಡುವ ಆನೆಗೂ ಇರುವ ವ್ಯತ್ಯಾಸಕ್ಕೆ ಮಗು ಬೆದರುತ್ತದೆ. ದೂರದಲ್ಲಿ ನಿಂತು, ಆನೆ ಒಂದು ಪಕ್ಕಕ್ಕೆ ವಾಲಿ ನೀರಿನಲ್ಲಿ ಮಲಗುವುದನ್ನು, ಸೊಂಡಿಲ ತುದಿ ಮಾತ್ರ ನೀರಿನ ಮೇಲೆ ನಿಂತು ಉಸಿರಾಡುವುದನ್ನು, ಮಾವುತ ಉಜ್ಜಿದ ಕಡೆ ಬೂದು ಚರ್ಮ ಕಪ್ಪಾಗಿ ಹೊಳೆಯುವುದನ್ನು ತೋರಿಸಿದರೆ, ಹತ್ತು ನಿಮಿಷದಲ್ಲಿ ತಾನೇ ‘ಹತ್ತಿರ ಹೋಗೋಣ’ ಎನ್ನುತ್ತದೆ. ಆಗಲೂ ಮಾವುತ ಹೇಳಿದ ದೂರವೇ ದೂರ. ಮರಿಯಾನೆ ಎಷ್ಟು ಮುದ್ದಾಗಿದ್ದರೂ ತಾಯಿಗೂ ಮರಿಗೂ ನಡುವೆ ನಿಲ್ಲಬಾರದು. ಬಿಡಾರ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಗಾಡಿಯ ಬಾಗಿಲು ತೆಗೆಯುವ ಮೊದಲೇ ಮಗುವಿನ ಕೈ ಹಿಡಿದಿರಬೇಕು.

ಸಾಗರ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ದೂರದ ತ್ಯಾವರೆಕೊಪ್ಪ ಎರಡನೆಯ ಒಳ್ಳೆಯ ಆಯ್ಕೆ. ಸಫಾರಿ ವಾಹನ ಹತ್ತುವ ಮೊದಲು ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯುವುದನ್ನು ಮರೆಯಬೇಡಿ. ಒಳಗೆ ಹೋದ ಮೇಲೆ ನಡುವೆ ಇಳಿಯುವಂತಿಲ್ಲ. ಬಿಸಿಲೇರಿದಂತೆ ಹುಲಿ, ಸಿಂಹಗಳು ನೆರಳು ಹಿಡಿದು ಮಲಗಿಬಿಡುತ್ತವೆ. ಮಗುವಿಗೆ ‘ಹುಲಿ ಗರ್ಜಿಸುತ್ತದೆ’ ಎಂದು ಮೊದಲೇ ಹೇಳಿ ಕರೆದೊಯ್ದು, ಮಲಗಿದ ಹುಲಿಯ ಬೆನ್ನು ತೋರಿಸಿದರೆ ನಿರಾಸೆಯ ಹೊಣೆ ನಮ್ಮದೇ.

ಕೂಡ್ಲಿ ಇನ್ನೂ ಶಾಂತ. ತುಂಗೆ ಮತ್ತು ಭದ್ರೆ ಸೇರುವ ಈ ಸಂಗಮ ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್. ಬೆಳಿಗ್ಗೆ 7.30ಕ್ಕೆ ಹೋಗಿ 10ಕ್ಕೆ ಹೊರಡುವುದಾದರೆ ಚೆನ್ನ. ಇಲ್ಲಿ ಎಚ್ಚರ ನೀರಿನದು. ಹಂತ 7ರಲ್ಲಿ ಅದನ್ನು ವಿವರಿಸಿದ್ದೇನೆ.

ರೈಲು ಕಂಡರೆ ಕುಣಿಯುವ ಮಗುವಿದ್ದರೆ, ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೋಗುವ ರೈಲಿನಲ್ಲಿ ಆನಂದಪುರದವರೆಗೋ ಸಾಗರದವರೆಗೋ ಹೋಗಿ ಬರುವುದೇ ಒಂದು ಪ್ರವಾಸ. 5 ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಹತ್ತುವ ಮೊದಲೇ ಮರಳುವ ರೈಲಿನ ಹೊತ್ತನ್ನು ನೋಡಿಕೊಳ್ಳಬೇಕು. ಹೊಂದದಿದ್ದರೆ ಬಸ್ಸಿನಲ್ಲಿ ಮರಳುವುದೆಂದು ಮೊದಲೇ ತೀರ್ಮಾನಿಸಿ.

ಇನ್ನು ಬೇಡವೆನ್ನುವ ಜಾಗಗಳು. ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಜೋಗ ಸುಮಾರು 100 ಕಿಲೋಮೀಟರ್, ಏಪ್ರಿಲ್‌ನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಂಡೆಯ ಮೇಲೆ ಬಿಳಿ ಗೆರೆಗಳಂತೆ ಉಳಿದಿರುತ್ತವೆ. ಹೋಗಿ ಬರಲು ನಾಲ್ಕೈದು ಗಂಟೆ ಗಾಡಿಯಲ್ಲಿ ಕೂರುವ ಮಗುವಿಗೆ ಅದು ಬರೀ ಕಲ್ಲು. ಮಂಡಗದ್ದೆಯ ನಡುಗಡ್ಡೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ; ಈಸ್ಟರ್ ಹೊತ್ತಿಗೆ ಅಲ್ಲಿ ಮಗುವಿಗೆ ತೋರಿಸಲು ಹೆಚ್ಚೇನಿಲ್ಲ. ಆಗುಂಬೆಯ ಸೂರ್ಯಾಸ್ತ ಚೆಂದವೇ, ಆದರೆ ಸೂರ್ಯ ಮುಳುಗುವುದು 6.30ರ ಮೇಲೆ, ಅಲ್ಲಿಂದ ಶಿವಮೊಗ್ಗಕ್ಕೆ ಕತ್ತಲೆಯಲ್ಲಿ ಎರಡು ಗಂಟೆಗೂ ಮೀರಿದ ದಾರಿ, ಊಟ ನಿದ್ದೆ ಎರಡೂ ಕೆಟ್ಟಿರುತ್ತವೆ. ಕವಲೇದುರ್ಗದ ಕಲ್ಲುದಾರಿಯನ್ನು ಮಗುವನ್ನು ಹೆಗಲ ಮೇಲೆ ಹೊತ್ತು ಹತ್ತಿದ ಅಪ್ಪಂದಿರನ್ನು ಕೇಳಿ, ಅವರೇ ಹೇಳುತ್ತಾರೆ. ಕುಪ್ಪಳಿಯ ಕವಿಮನೆ, ಕವಿಶೈಲ ಮಾತ್ರ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ರಾತ್ರಿ ಉಳಿಯುವವರಿಗೆ ಬೆಳಗಿನ ಒಳ್ಳೆಯ ಪ್ರವಾಸ. ಶಿವಮೊಗ್ಗದಿಂದ ಒಂದೇ ದಿನದಲ್ಲಿ ಬೇಡ.

ಹಂತ 4: ಹೋಗುವ ಬಗೆ

ದ್ವಿಚಕ್ರ ವಾಹನದಲ್ಲಿ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಈಗಲೂ ಸಹಜವೆನಿಸಿದೆ. 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಸವಾರನ ಬೆನ್ನಿಗೆ ಕಟ್ಟುವ ಸುರಕ್ಷಾ ಬೆಲ್ಟು ಮತ್ತು ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅಷ್ಟು ಸಿದ್ಧತೆ ಇಲ್ಲದಿದ್ದರೆ ಬಸ್ಸೇ ಒಳ್ಳೆಯದು. ತೀರ್ಥಹಳ್ಳಿ, ಸಾಗರ ದಾರಿಗಳಲ್ಲಿ ಖಾಸಗಿ ಬಸ್ಸುಗಳು ಬೇಕಾದಷ್ಟಿವೆ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಹತ್ತುವ ಮೊದಲು ಗಮನಿಸಿ.

ಕಾರಿನಲ್ಲಿ ಹೋಗುವವರು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ಬಿಡಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳ ಆಸನ, ಅದರಲ್ಲಿ ಬೆಲ್ಟು. ಮೊದಲ ಎರಡು ಸಲ ಅಳುತ್ತದೆ, ಮೂರನೆಯ ಸಲ ಅಭ್ಯಾಸವಾಗುತ್ತದೆ. ತಿರುವಿನ ದಾರಿಯಲ್ಲಿ ವಾಂತಿ ಬರುವ ಮಗುವಿಗೆ ಹೊರಡುವ ಅರ್ಧ ಗಂಟೆ ಮೊದಲು ಹಾಲು ಕುಡಿಸಬಾರದು, ಒಣ ಇಡ್ಲಿಯೋ ಚಪಾತಿಯೋ ಸ್ವಲ್ಪ ಕೊಡಿ. ಕೈಗೆ ಮೊಬೈಲ್ ಕೊಟ್ಟರೆ ವಾಂತಿ ಖಚಿತ: ಕಣ್ಣು ಸ್ಥಿರವಾದ ತೆರೆಯನ್ನು ನೋಡುತ್ತಿರುತ್ತದೆ, ಒಳಗಿವಿ ತಿರುವನ್ನು ಹೇಳುತ್ತಿರುತ್ತದೆ, ಎರಡಕ್ಕೂ ಹೊಂದುವುದಿಲ್ಲ. ಮುಂದಿನ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಮಗು ಪದೇ ಪದೇ ಎಂಜಲು ನುಂಗುವುದು, ಆಕಳಿಸುವುದು, ಮಾತು ನಿಲ್ಲಿಸಿ ತುಟಿ ಬಿಳಚಿಕೊಳ್ಳುವುದು ಮುನ್ಸೂಚನೆಗಳು. ಕಂಡ ಕೂಡಲೇ ಗಾಡಿ ನಿಲ್ಲಿಸಿ. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ಕೂಡದು.

ಹಂತ 5: ಹಿಂದಿನ ರಾತ್ರಿಯ ಚೀಲ

ಚೀಲವನ್ನು ರಾತ್ರಿಯೇ ಕಟ್ಟಿ ಬಾಗಿಲ ಬಳಿ ಇಡಬೇಕು. ಬೇಕಾದದ್ದು ಹೆಚ್ಚಿಲ್ಲ: ಕುದಿಸಿ ಆರಿಸಿದ ನೀರು ಮೂರು ಲೀಟರ್, ಎರಡು ಜೊತೆ ಬಟ್ಟೆ, ಒಂದು ಹಳೆಯ ಪಂಚೆ, ಟೋಪಿ, ಒಂದು ಚೊಂಬು, ಹಳೆಯ ಪೇಪರ್, ಸಾಬೂನಿನ ತುಂಡು, ಎರಡು ಪ್ಯಾಕೆಟ್ ಓಆರ್‌ಎಸ್, ತೆಳು ಮೂತಿಯ ಚಿಮಟ. ಪಂಚೆ ಹಾಸಲು, ಹೊದೆಸಲು, ನೆರಳಿಗೆ ಹಿಡಿಯಲು, ಒದ್ದೆ ಮಾಡಿ ಮೈ ಒರೆಸಲು ಎಲ್ಲಕ್ಕೂ ಆಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಪಿಕ್ನಿಕ್ ಚಾಪೆಗಿಂತ ನನಗೆ ಇದೇ ಇಷ್ಟ. ಮಗುವಿಗೆ ಒಂದು ಜೊತೆ ದಪ್ಪ ಕಾಲುಚೀಲ ತಪ್ಪದೆ ಇಡಿ. ದೇವಸ್ಥಾನದ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಡೆಯುವಾಗ 10 ಗಂಟೆಯ ಹೊತ್ತಿಗೇ ಕಲ್ಲುಹಾಸು ಕಾದ ಹೆಂಚಿನಂತಾಗಿರುತ್ತದೆ. ದೊಡ್ಡವರ ಅಂಗಾಲಿಗೆ ತಾಗದ ಬಿಸಿ ಮಗುವಿನ ಅಂಗಾಲಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ.

ಬುತ್ತಿಗೆ ಮೊಸರನ್ನಕ್ಕಿಂತ ಒಳ್ಳೆಯದಿಲ್ಲ, ಆದರೆ ಬೆಳಿಗ್ಗೆ ಮೊಸರು ಕಲಸಿ ಒಯ್ದರೆ ಏಪ್ರಿಲ್‌ನ ಸೆಕೆಯಲ್ಲಿ 11 ಗಂಟೆಗೆ ಹುಳಿ ಬಂದು ಮಗು ಉಗಿಯುತ್ತದೆ. ಮೆತ್ತಗೆ ಬೇಯಿಸಿದ ಅನ್ನವನ್ನು ಸೌಟಿನಿಂದ ಹಿಸುಕಿ, ಒಂದು ಲೋಟ ಅನ್ನಕ್ಕೆ ಒಂದೂವರೆ ಲೋಟ ಕಾಯಿಸಿದ ಹಾಲು ಹಾಕಿ, ಅದು ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರನ್ನು ಹೆಪ್ಪಿಗೆಂದು ಕಲಸಿ ಡಬ್ಬಿ ಮುಚ್ಚಬೇಕು. ಕಲಸುವಾಗ ನೀರು ನೀರಾಗಿ ಕಾಣುತ್ತದೆ, ಹೆದರಬೇಡಿ. ಬೆಳಿಗ್ಗೆ 6.30ಕ್ಕೆ ಹೀಗೆ ಮಾಡಿದ್ದು 11ಕ್ಕೆ ಡಬ್ಬಿ ತೆರೆದಾಗ ಹದವಾಗಿ ಹೆಪ್ಪಾಗಿ, ಹುಳಿಯಿಲ್ಲದೆ ಇರುತ್ತದೆ. ಜೊತೆಗೆ ಪುಟ್ಟಬಾಳೆ. ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ ಇವುಗಳನ್ನು ನಾಲ್ಕೈದು ವರ್ಷದೊಳಗಿನ ಮಗುವಿಗೆ ಅದರಲ್ಲೂ ಚಲಿಸುವ ಗಾಡಿಯಲ್ಲಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ ಅಡ್ಡಿಯಿಲ್ಲ.

ಹಂತ 6: ಹೊರಡುವ ಬೆಳಿಗ್ಗೆ

ಮಗುವನ್ನು ದಿನದ ಹೊತ್ತಿಗೇ ಎಬ್ಬಿಸಿ. ಬೇಗ ಎಬ್ಬಿಸಿದರೆ ಮಧ್ಯಾಹ್ನದ ನಿದ್ದೆಯೂ ಬೇಗನೆ ಬಂದುಬಿಡುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಮೊದಲು ದೊಡ್ಡವರೆಲ್ಲ ಸಿದ್ಧರಾಗಿ, ಕೊನೆಗೆ ಮಗುವಿಗೆ ಬಟ್ಟೆ ಹಾಕಬೇಕು. ಮಗು ಚಪ್ಪಲಿ ಹಾಕಿಕೊಂಡ ಮೇಲೆ ಅಜ್ಜಿ ಪೂಜೆಗೆ ಕೂತರೆ ಅಲ್ಲಿಗೆ ಮುಗಿಯಿತು. ತೋಳು ತುಂಬುವ ತೆಳು ಹತ್ತಿ ಅಂಗಿ, ಪಾದದವರೆಗೆ ಬರುವ ಪ್ಯಾಂಟು, ತಿಳಿ ಬಣ್ಣ. ಜನಜಂಗುಳಿಯ ಜಾಗವಾದರೆ ಮಗುವಿನ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಅಪ್ಪ ಅಮ್ಮನ ಫೋನ್ ಸಂಖ್ಯೆ ಬರೆಯಿರಿ, ಮತ್ತು ಅಂದಿನ ಬಟ್ಟೆಯಲ್ಲೇ ಒಂದು ಫೋಟೋ ತೆಗೆದುಕೊಳ್ಳಿ. ಕಳೆದುಹೋದಾಗ ‘ಯಾವ ಬಣ್ಣದ ಅಂಗಿ’ ಎಂದು ಕೇಳಿದರೆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಹಂತ 7: ಅಲ್ಲಿ ತಲುಪಿದ ಮೇಲೆ – ನೀರು, ಬಿಸಿಲು, ಕಾಡಿನಂಚು

ನೀರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹಿರಿಯರು ಹೇಳಿದ್ದರಲ್ಲಿ ತುಂಗೆಗೆ ಕೊಟ್ಟಿರುವುದು ಪಾನವನ್ನು, ಸ್ನಾನವನ್ನಲ್ಲ ಎಂಬುದನ್ನು ನಾನು ಮನೆಯಲ್ಲಿ ಆಗಾಗ ನೆನಪಿಸುತ್ತೇನೆ. ಬೇಸಿಗೆಯಲ್ಲಿ ಹೊಳೆ ಇಳಿದು ಕಾಲು ಮುಳುಗುವಷ್ಟೇ ನೀರಿರುವಂತೆ ಕಾಣುತ್ತದೆ, ಆದರೆ ಮರಳು ತೆಗೆದ ಕಡೆ, ಬಂಡೆಯ ಬುಡದಲ್ಲಿ ಒಮ್ಮೆಲೇ ಆಳ ಸಿಗುತ್ತದೆ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಚಿಕ್ಕ ಮಗು ಮುಳುಗುವಾಗ ಕೂಗುವುದಿಲ್ಲ, ಕೈ ಬಡಿಯುವುದಿಲ್ಲ, ಸದ್ದೇ ಇರುವುದಿಲ್ಲ. ಆದ್ದರಿಂದ ನೀರಿನ ಬಳಿ ಕಾವಲು ಒಬ್ಬರದೇ ಆಗಿರಬೇಕು, ಮತ್ತು ಅದನ್ನು ಬಾಯಿಬಿಟ್ಟು ಹೇಳಬೇಕು: ‘ಈಗ ನಾನು ನೋಡ್ತೀನಿ’, ‘ಈಗ ನೀನು ನೋಡ್ಕೋ’. ಹಾಗೆ ಹೇಳದಿದ್ದರೆ ಆಮೇಲೆ ‘ನೀವು ನೋಡ್ತಿದ್ದೀರಿ ಅಂದ್ಕೊಂಡೆ’ ಎಂಬ ಮಾತು ಬರುತ್ತದೆ. ಕಾವಲಿರುವವರ ಕೈಯಲ್ಲಿ ಫೋನ್ ಇರಬಾರದು, ಮಗು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರಬೇಕು. ಕಾಲು ತೋಯಿಸುವ ಆಸೆಯಿದ್ದರೆ ದಡದಲ್ಲಿ ಚೊಂಬಿನಿಂದ ಸುರಿದುಕೊಳ್ಳಲಿ. ಮೂರು ವರ್ಷದ ಮಗುವಿಗೆ ಹೊಳೆಗಿಂತ ಚೊಂಬಿನಲ್ಲೇ ಹೆಚ್ಚು ಆಟವಿದೆ.

ಬಿಸಿಲು. ಬಾಯಾರಿಕೆ ಎಂದು ಮಗು ಹೇಳುವವರೆಗೆ ಕಾಯಬಾರದು, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರೋ ಮಜ್ಜಿಗೆಯೋ ಕುಡಿಸಿ. ಗಾಡಿ ಲಾಕ್ ಮಾಡಿ ಮಲಗಿದ ಮಗುವನ್ನು ‘ಎರಡೇ ನಿಮಿಷ’ ಎಂದು ಒಳಗೆ ಬಿಡುವುದು ಯಾವ ಕಾರಣಕ್ಕೂ ಸಲ್ಲದು; ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ 10 ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಸ್ವಲ್ಪ ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ.

ಕಾಡಿನಂಚು. ಹೊರಗಿನವರ ಪ್ರವಾಸದ ಪಟ್ಟಿಗಳಲ್ಲಿ ಕಾಣದ, ನಮ್ಮ ಜಿಲ್ಲೆಯವರು ಮರೆಯಬಾರದ ವಿಷಯ ಇದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಮರಿ ಉಣುಗುಗಳು ಹೆಚ್ಚಾಗಿರುವುದು ಚಳಿಗಾಲದಿಂದ ಮೊದಲ ಮಳೆಯವರೆಗೆ, ಎಂದರೆ ಈಸ್ಟರ್ ರಜೆ ಯಾವ ವರ್ಷವೂ ಆ ಕಾಲದೊಳಗೇ ಬೀಳುತ್ತದೆ. ಮರಿ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದು, ತರಗೆಲೆಯ ಮೇಲಿನಿಂದ ಬಟ್ಟೆಗೆ ಹತ್ತುತ್ತದೆ. ಮಗುವನ್ನು ತರಗೆಲೆಯ ಮೇಲೆ ಕೂರಿಸುವುದು, ಎಲೆರಾಶಿಯಲ್ಲಿ ಹಾರಿ ಫೋಟೋ ತೆಗೆಸುವುದು, ಪೊದೆಯ ಮರೆಗೆ ಮೂತ್ರಕ್ಕೆ ಕೂರಿಸುವುದು, ಇವೇ ಹೆಚ್ಚು ನಡೆಯುವ ತಪ್ಪುಗಳು. ಗುಡಿಸಿದ ಅಂಗಳ, ಕಲ್ಲಿನ ಕಟ್ಟೆ, ಸಿಮೆಂಟು ನೆಲದ ಮೇಲೆ ಪಂಚೆ ಹಾಸಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಡೆಪಾ ತೈಲವನ್ನು ಮಗುವಿಗೆ ಹಚ್ಚಬಹುದೇ ಎಂದು ಅಲ್ಲಿಯೇ ಕೇಳಿ, ಹೇಳಿದ ಹಾಗೆ ಮಾಡಿ. ಮಂಗ ಸತ್ತು ಬಿದ್ದ ಸುದ್ದಿಯಿರುವ ಊರಿನ ಕಾಡಿನ ಕಡೆಗೆ ಆ ವರ್ಷ ಮಗುವನ್ನು ಕರೆದೊಯ್ಯಲೇಬೇಡಿ. ಬದುಕಿರುವ ಮಂಗಗಳ ಮುಂದೆಯೂ ಮಗುವಿನ ಕೈಯಲ್ಲಿ ತಿಂಡಿ ಇರಬಾರದು. ಕಿತ್ತುಕೊಳ್ಳುವ ಭರದಲ್ಲಿ ಪರಚುತ್ತವೆ.

ಹಂತ 8: ನಿಲ್ಲಿಸಿ ಮರಳಬೇಕಾದ ಸೂಚನೆಗಳು

ಮಗು ಅಳುವುದಕ್ಕಿಂತ ಸುಮ್ಮನಾಗುವುದು ದೊಡ್ಡ ಸೂಚನೆ. ಮುಖ ಕೆಂಪೇರಿ ಮೈ ಬಿಸಿಯಾಗಿದ್ದು ಬೆವರು ನಿಂತಿದ್ದರೆ, ತುಟಿ ಒಣಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ನಾಲ್ಕೈದು ಗಂಟೆಯಿಂದ ಮೂತ್ರ ಹೋಗದಿದ್ದರೆ ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಪಂಚೆಯಿಂದ ಮೈ ಒರೆಸಿ ಗಾಳಿ ಬೀಸಬೇಕು. ಎಚ್ಚರವಿದ್ದರೆ ಓಆರ್‌ಎಸ್ ಅನ್ನು ಚಮಚ ಚಮಚವಾಗಿ ಕುಡಿಸಿ. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಬಾಟಲಿಗೆ ಗಟ್ಟಿಯಾಗಿ ಕಲಸಿ ಕೊಟ್ಟರೆ ಉಪಕಾರಕ್ಕಿಂತ ಅಪಾಯ ಹೆಚ್ಚು. ಕರೆದರೆ ಓಗೊಡದೆ ತೂಕಡಿಸುತ್ತಿದ್ದರೆ, ಮೈ ಸೆಳೆತ ಬಂದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ, ತಣಿಸುವುದನ್ನು ನಿಲ್ಲಿಸಬೇಡಿ.

ಎರಡನೆಯ ಸೂಚನೆ ಆಕಾಶದ್ದು. ಗಾಳಿ ಒಮ್ಮೆಲೇ ನಿಂತು ಸೆಕೆ ಬಿಗಿದು, ಆಮೇಲೆ ತರಗೆಲೆಗಳನ್ನು ಎತ್ತಿ ಸುತ್ತಿಸುವ ಗಾಳಿ ಎದ್ದಿತೆಂದರೆ ಮಳೆ ಹತ್ತಿರವಿದೆ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸಲಾಗದಿದ್ದರೆ ಮನೆಯೊಳಗೋ ಮುಚ್ಚಿದ ಗಾಡಿಯೊಳಗೋ ಇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಮರದಡಿ, ತೋಟದಲ್ಲಿ, ನೀರಿನಲ್ಲಿ ನಿಲ್ಲುವುದು ಸಲ್ಲದು.

ಮೂರನೆಯದು ದೊಡ್ಡವರದು. ‘ಇನ್ನೊಂದೇ ಜಾಗ, ಇಲ್ಲೇ ಹತ್ತಿರ’ ಎಂದು ಯಾರಾದರೂ ಹೇಳಿದರೆ ಹಂತ 2ರ ಕಾಗದವನ್ನು ತೆಗೆದು ತೋರಿಸಿ. ನಮ್ಮ ಮನೆಯಲ್ಲಿ ಈ ಮಾತನ್ನು ಹೆಚ್ಚಾಗಿ ಹೇಳುವುದು ನಾನೇ.

ಹಂತ 9: ಮನೆಗೆ ಬಂದ ಮೇಲೆ

ಒಳಗೆ ಬಂದ ಕೂಡಲೇ ಮಗುವನ್ನು ಹಾಸಿಗೆಗೆ ಹಾಕದೆ ಬಚ್ಚಲಿಗೆ ಕರೆದೊಯ್ಯಿರಿ. ದಾರಿಯಲ್ಲೇ ನಿದ್ದೆ ಬಂದಿದ್ದರೆ ಬಟ್ಟೆ ಬದಲಿಸಿ ಮಲಗಿಸಿ, ಎದ್ದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿ. ಸ್ನಾನದ ಮೊದಲು ಬೆಳಕಿನಲ್ಲಿ ನಿಲ್ಲಿಸಿ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ, ಕಂಕುಳಲ್ಲಿ, ಹೊಕ್ಕುಳಲ್ಲಿ, ತೊಡೆಸಂದಿಯಲ್ಲಿ, ಮಂಡಿಯ ಹಿಂದೆ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣದ್ದು ಬೆರಳಿಗೆ ಕಾಳಿನಂತೆ ತಗಲುತ್ತದೆ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಿಂದ ಸುಡುವುದು, ಉಗುರಿನಿಂದ ಹಿಸುಕುವುದು ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಬಳಿ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ, ಆ ಜಾಗವನ್ನೂ ನಿಮ್ಮ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ದೊಡ್ಡವರೂ ತಮ್ಮ ಮೈ ನೋಡಿಕೊಳ್ಳಬೇಕು. ತೊಟ್ಟ ಬಟ್ಟೆಗಳನ್ನೆಲ್ಲ, ಪಂಚೆಯನ್ನೂ ಸೇರಿಸಿ, ಅಂದೇ ಬಿಸಿನೀರಿನಲ್ಲಿ ನೆನೆಹಾಕಿ.

ಕೊನೆಯದಾಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ ಹೋದ ಜಾಗದ ಹೆಸರು ಬರೆಯಿರಿ. ಮುಂದಿನ ಎರಡು ವಾರಗಳಲ್ಲಿ ಮಗುವಿಗಾಗಲಿ ಮನೆಯ ಯಾರಿಗಾದರಾಗಲಿ ಒಮ್ಮೆಲೇ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಅದು ಮಂಗನ ಕಾಯಿಲೆಯೂ ಇರಬಹುದಾದ್ದರಿಂದ, ಅಂಗಡಿಯ ಮಾತ್ರೆ ನುಂಗಿಸಿ ಕಾಯದೆ ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ಆ ದಿನಾಂಕವನ್ನೂ ಜಾಗವನ್ನೂ ನೀವೇ ಹೇಳಬೇಕು.